ಟ್ಯಾಂಜೆಂಟ್ ಗ್ಯಾಲ್ವನೋಮೀಟರ್ ತಪ್ಪು ತೋರಿಸುವಾಗ: ದೋಷ ಪತ್ತೆ ಮಾಡುವ ಕ್ರಮ

ಪಿಯು ಮತ್ತು ಡಿಗ್ರಿ ಲ್ಯಾಬುಗಳಲ್ಲಿ ಟಿ.ಜಿ. (ಟ್ಯಾಂಜೆಂಟ್ ಗ್ಯಾಲ್ವನೋಮೀಟರ್, ಕಾಂತಸೂಜಿಯ ತಿರುಗುವಿಕೆಯಿಂದ ಕರೆಂಟ್ ಅಳೆಯುವ ಉಪಕರಣ) ಬಗ್ಗೆ ಬರುವ ದೂರುಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. "ಕರೆಂಟ್ ತಿರುಗಿಸಿದರೆ ಒಂದು ಕಡೆ 38 ಡಿಗ್ರಿ, ಇನ್ನೊಂದು ಕಡೆ 52 ಬರುತ್ತಿದೆ." "ಎರಡೂ ಕಡೆ ಸರಿಯಾಗಿ ಬರುತ್ತಿದೆ, ಆದರೆ ರಿಡಕ್ಷನ್ ಫ್ಯಾಕ್ಟರ್ (45 ಡಿಗ್ರಿ ವಿಚಲನೆಗೆ ಬೇಕಾದ ಕರೆಂಟ್) ಲೆಕ್ಕಕ್ಕೆ ಹೊಂದುತ್ತಿಲ್ಲ." "ಮುಳ್ಳು ಅಲ್ಲಾಡುತ್ತಲೇ ಇಲ್ಲ." ಮೊದಲನೆಯದಕ್ಕೆ ಸರಾಸರಿ ತೆಗೆದು ರೆಕಾರ್ಡಿನಲ್ಲಿ ಬರೆಯುತ್ತಾರೆ, ಎರಡನೆಯದಕ್ಕೆ ಉಪಕರಣ ಹಳೆಯದು ಎನ್ನುತ್ತಾರೆ, ಮೂರನೆಯದಕ್ಕೆ ಅಟೆಂಡರನ್ನು ಕರೆಯುತ್ತಾರೆ. ಮೂರಕ್ಕೂ ಕಾರಣ ಹುಡುಕಬಹುದು. ಅದಕ್ಕೆ ಬೇಕಾದ ಮುಖ್ಯ ಸಲಕರಣೆ ಆಗಲೇ ಮೇಜಿನ ಮೇಲಿದೆ, ಅದೇ ಕರೆಂಟಿನ ದಿಕ್ಕು ತಿರುಗಿಸುವ ಕಮ್ಯುಟೇಟರ್. ಕರೆಂಟಿನ ದಿಕ್ಕು ಬದಲಿಸಿ, ಪ್ರತಿ ಸಲ ಮುಳ್ಳಿನ ಎರಡೂ ತುದಿ ಓದಿ, ನಾಲ್ಕು ರೀಡಿಂಗ್ ತೆಗೆಯುವುದು ಬರೀ ಸರಾಸರಿಗಾಗಿ ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಜವಾಗಿ ಆ ನಾಲ್ಕು ಅಂಕಿಗಳು ರೋಗ ಎಲ್ಲಿದೆ ಎಂದು ಹೇಳುತ್ತವೆ.

ಉಪಕರಣದ ಕೆಲಸವನ್ನು ಒಮ್ಮೆ ನೆನೆಯೋಣ. ಸುರುಳಿಯ ತಂತಿಯಲ್ಲಿ ವಿದ್ಯುದಾವೇಶಗಳು ಹರಿಯುವಾಗ ಸುರುಳಿಯ ನಡುವೆ, ಅದರ ಸಮತಲಕ್ಕೆ ಲಂಬವಾಗಿ ಒಂದು ಕಾಂತಕ್ಷೇತ್ರ ಹುಟ್ಟುತ್ತದೆ. ಭೂಮಿಯ ಕಾಂತಕ್ಷೇತ್ರದ ಸಮತಲ ಘಟಕ (ನೆಲಕ್ಕೆ ಸಮಾಂತರವಾದ ಭಾಗ) ಉತ್ತರ–ದಕ್ಷಿಣವಾಗಿ ಆಗಲೇ ಅಲ್ಲಿದೆ. ಸುರುಳಿಯ ಸಮತಲವನ್ನು ಉತ್ತರ–ದಕ್ಷಿಣಕ್ಕೆ ಹೊಂದಿಸಿಟ್ಟರೆ ಎರಡು ಕ್ಷೇತ್ರಗಳ ನಡುವೆ ಸರಿಯಾಗಿ 90 ಡಿಗ್ರಿ ಇರುತ್ತದೆ. ನಡುವಿನ ಕಂಪಾಸ್ ಪೆಟ್ಟಿಗೆಯಲ್ಲಿರುವ ಕಾಂತಸೂಜಿ ಇವೆರಡರ ಫಲಿತದ ಕಡೆಗೆ ತಿರುಗಿ ನಿಲ್ಲುತ್ತದೆ, ಅದಕ್ಕೆ ಅಡ್ಡವಾಗಿ ಅಂಟಿಸಿದ ಅಲ್ಯೂಮಿನಿಯಂ ಮುಳ್ಳು ಆ ಕೋನವನ್ನು ಸ್ಕೇಲಿನ ಮೇಲೆ ತೋರಿಸುತ್ತದೆ. ಹಾಗಾಗಿ ವಿಚಲನೆಯ ಟ್ಯಾಂಜೆಂಟ್ ಎಂದರೆ ಸುರುಳಿಯ ಕ್ಷೇತ್ರವನ್ನು ಭೂಮಿಯ ಕ್ಷೇತ್ರದಿಂದ ಭಾಗಿಸಿದ್ದು. 1820ರಲ್ಲಿ ಓರ್‌ಸ್ಟೆಡ್ ತಂತಿಯ ಪಕ್ಕದ ಸೂಜಿ ತಿರುಗುವುದನ್ನು ಕಂಡರು. 1837ರಲ್ಲಿ ಪೂಯೆ ಅದೇ ತಿರುಗುವಿಕೆಯನ್ನು ಅಳತೆಯ ಉಪಕರಣವಾಗಿಸಿದರು. ಅಂದಿನಿಂದ ತತ್ವ ಬದಲಾಗಿಲ್ಲ.

ದೋಷ ಹುಡುಕುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಒಂದೇ. ಯಾವ ಕ್ಷೇತ್ರ ನಿಮ್ಮ ಸುರುಳಿಯದು, ಯಾವುದು ಪಕ್ಕದ ಕಬ್ಬಿಣದ ಸ್ಟೂಲಿನದು ಎಂದು ಸೂಜಿಗೆ ಗೊತ್ತಾಗುವುದಿಲ್ಲ. ತಾನಿರುವ ಬಿಂದುವಿನಲ್ಲಿ ಎಲ್ಲ ಸೇರಿ ಎಷ್ಟಿದೆಯೋ ಅಷ್ಟಕ್ಕೆ ಅದು ತಿರುಗುತ್ತದೆ. ಬೇಡದ ಕ್ಷೇತ್ರವನ್ನು ಬೇಕಾದ್ದರಿಂದ ಬೇರೆ ಮಾಡುವ ಕೆಲಸ ನಮ್ಮದು.

ಮೊದಲು, ಸರಿ ಇದ್ದರೆ ಎಷ್ಟು ಬರಬೇಕು

ಎಷ್ಟು ಬರಬೇಕು ಎಂದು ಗೊತ್ತಿಲ್ಲದೆ ತಪ್ಪು ಬರುತ್ತಿದೆ ಎನ್ನಲಾಗದು. ನಮ್ಮ ಲ್ಯಾಬುಗಳಲ್ಲಿ ಸಾಮಾನ್ಯವಾಗಿರುವ ಟಿ.ಜಿ.ಗೆ 2, 50 ಮತ್ತು 500 ಸುತ್ತುಗಳ ಟರ್ಮಿನಲ್‌ಗಳಿರುತ್ತವೆ. ಸುರುಳಿಯ ಸರಾಸರಿ ತ್ರಿಜ್ಯ 8 ಸೆಂಟಿಮೀಟರ್ ಎಂದು ಹಿಡಿಯಿರಿ. ಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯಲ್ಲೇ ಹಾದು ಹೋಗುವುದರಿಂದ ಕರ್ನಾಟಕದಲ್ಲಿ ಸೂಜಿ ನೆಲದ ಕಡೆಗೆ ಬಾಗುವುದು ಕಡಿಮೆ, ಸಮತಲ ಘಟಕ ಹೆಚ್ಚು. ಅದು ಸುಮಾರು 40 ಮೈಕ್ರೋಟೆಸ್ಲಾ. ಲಂಡನ್‌ನಂಥ ಊರಿನಲ್ಲಿ ಇದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಅಲ್ಲಿನ ಹಳೆಯ ಪುಸ್ತಕಗಳ ಉದಾಹರಣೆಯ ಅಂಕಿಗಳನ್ನು ಇಲ್ಲಿಗೆ ತರಬೇಡಿ.

50 ಸುತ್ತಿನಲ್ಲಿ 1 ಆಂಪಿಯರ್ ಹರಿದರೆ ನಡುವೆ ಸುಮಾರು 393 ಮೈಕ್ರೋಟೆಸ್ಲಾ ಕ್ಷೇತ್ರ ಬರುತ್ತದೆ. 45 ಡಿಗ್ರಿ ವಿಚಲನೆಗೆ 40 ಮೈಕ್ರೋಟೆಸ್ಲಾ ಸಾಕು, ಅಂದರೆ ಸುಮಾರು 0.1 ಆಂಪಿಯರ್. ಅದೇ 50 ಸುತ್ತಿನ ರಿಡಕ್ಷನ್ ಫ್ಯಾಕ್ಟರ್. 500 ಸುತ್ತಿಗೆ ಅದರ ಹತ್ತನೇ ಒಂದು, 10 ಮಿಲಿಆಂಪಿಯರ್. 2 ಸುತ್ತಿಗೆ 25 ಪಟ್ಟು, ಸುಮಾರು 2.5 ಆಂಪಿಯರ್. ನಿಮ್ಮ ಸುರುಳಿಯ ವ್ಯಾಸವನ್ನು ಒಳಗಿನ ಅಂಚು, ಹೊರಗಿನ ಅಂಚು ಎರಡರಲ್ಲೂ ಅಳೆದು ಸರಾಸರಿ ತೆಗೆದು ಇದೇ ಲೆಕ್ಕ ಮಾಡಿ, ಅಂಕಿಗಳನ್ನು ಉಪಕರಣದ ಪೆಟ್ಟಿಗೆಗೇ ಅಂಟಿಸಿಡಿ. ಮುಂದಿನ ಪ್ರತಿ ಹೆಜ್ಜೆಯಲ್ಲೂ ಅವು ಬೇಕಾಗುತ್ತವೆ.

"ಮುಳ್ಳು ಅಲ್ಲಾಡುತ್ತಿಲ್ಲ" ಎಂಬ ದೂರು ಹಲವು ಸಲ ಇಲ್ಲೇ ಮುಗಿಯುತ್ತದೆ. 0.1 ಆಂಪಿಯರನ್ನು 2 ಸುತ್ತಿನ ಟರ್ಮಿನಲ್‌ಗೆ ಕೊಟ್ಟರೆ ವಿಚಲನೆ 2 ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದೇ ಕರೆಂಟನ್ನು 500ಕ್ಕೆ ಕೊಟ್ಟರೆ ಮುಳ್ಳು 84 ಡಿಗ್ರಿಗೆ ಹೋಗಿ ಕೂರುತ್ತದೆ, ಕರೆಂಟ್ ಹೆಚ್ಚುಕಡಿಮೆ ಮಾಡುವ ರಿಯೋಸ್ಟಾಟನ್ನು ಎಷ್ಟು ಸರಿಸಿದರೂ ಹೆಚ್ಚು ಕದಲುವುದಿಲ್ಲ. ಎರಡೂ ಕಡೆ ಉಪಕರಣದಲ್ಲಿ ದೋಷವಿಲ್ಲ, ಟರ್ಮಿನಲ್ ತಪ್ಪಾಗಿದೆ. ಟರ್ಮಿನಲ್ ಸರಿಯಿದ್ದು, ಅಮ್ಮೀಟರೂ ಕರೆಂಟ್ ತೋರಿಸದಿದ್ದರೆ ಸರ್ಕ್ಯೂಟ್ ಎಲ್ಲೋ ಕಡಿದಿದೆ. ಮಲ್ಟಿಮೀಟರ್ ಹಿಡಿದು ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಹೋಗಿ. ಇನ್ನೊಂದು ಸಂದರ್ಭ ಸ್ವಲ್ಪ ವಿಚಿತ್ರ. ಸುರುಳಿ ಬೆಚ್ಚಗಾಗುತ್ತದೆ, ಸೂಜಿ ಮಾತ್ರ ಸುಮ್ಮನೆ ನಿಂತಿರುತ್ತದೆ, ಸೂಕ್ಷ್ಮವಾಗಿ ನೋಡಿದರೆ ಮುಳ್ಳಿನ ತುದಿ ಮಸುಕಾಗಿ ನಡುಗುತ್ತಿರುತ್ತದೆ. ಬ್ಯಾಟರಿಯ ಬದಲು ಬಳಸುವ ಎಲಿಮಿನೇಟರಿನಿಂದ ಎ.ಸಿ. ಬರುತ್ತಿದೆ ಎಂದರ್ಥ. ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವ ಕ್ಷೇತ್ರದ ಹಿಂದೆ ಸೂಜಿಗೆ ಓಡಲಾಗದು, ಅದು ಸರಾಸರಿಗೆ ಮಾತ್ರ ತಿರುಗುತ್ತದೆ. ಎ.ಸಿ.ಯ ಸರಾಸರಿ ಸೊನ್ನೆ. ಎಲಿಮಿನೇಟರಿನ ಡಯೋಡುಗಳನ್ನು ಪರೀಕ್ಷಿಸಿ, ಅಥವಾ ತಪ್ಪು ಜೋಡಿಯ ಟರ್ಮಿನಲ್‌ಗೆ ತಂತಿ ಕೊಟ್ಟಿದ್ದೀರಾ ನೋಡಿ.

ಕರೆಂಟ್ ಇಲ್ಲದಾಗ ಸೂಜಿ ಹೇಗಿದೆ

ಪ್ಲಗ್ ಕೀ ತೆಗೆದುಬಿಡಿ. ಲೆವೆಲಿಂಗ್ ಸ್ಕ್ರೂಗಳಿಂದ ಬೇಸನ್ನು ಸಮ ಮಾಡಿ. ಸೂಜಿ ಯಾವ ಕಡೆಗೂ ಉಜ್ಜದೆ ಮುಕ್ತವಾಗಿ ತೂಗಬೇಕು. ಈಗ ಒಂದು ಚಿಕ್ಕ ಅಯಸ್ಕಾಂತವನ್ನು ಪೂರ್ವದಿಂದ ತಂದು ಮುಳ್ಳನ್ನು ಅತ್ತ ಎಳೆದು, ಅಯಸ್ಕಾಂತವನ್ನು ದೂರ ಒಯ್ಯಿರಿ. ಮುಳ್ಳು ಎಲ್ಲಿ ನಿಂತಿತು ಎಂದು ಬರೆದುಕೊಳ್ಳಿ. ಪಶ್ಚಿಮದಿಂದ ತಂದು ಅದನ್ನೇ ಮಾಡಿ. ಎರಡೂ ಸಲ ಒಂದೇ ಜಾಗದಲ್ಲಿ ನಿಲ್ಲದೆ ಒಂದೆರಡು ಡಿಗ್ರಿ ಅಂತರ ಉಳಿದರೆ ಆಧಾರದ ಮೊನೆ ಮೊಂಡಾಗಿದೆ, ಇಲ್ಲವೆ ಸೂಜಿಯ ಕಲ್ಲಿನ ಬಟ್ಟಲಲ್ಲಿ ಧೂಳು ಕೂತಿದೆ. ಬಟ್ಟಲನ್ನು ಚೂಪು ಮಾಡಿದ ಬೆಂಕಿಕಡ್ಡಿ ಮತ್ತು ಸ್ಪಿರಿಟ್‌ನಿಂದ ಒರೆಸಿ. ಎಣ್ಣೆ ಮಾತ್ರ ಹಾಕಬೇಡಿ, ಒಂದು ತಿಂಗಳಲ್ಲಿ ಅದು ಅಂಟಾಗಿ ಇನ್ನೂ ಹೆಚ್ಚು ಹಿಡಿಯುತ್ತದೆ. ಮೊನೆಯನ್ನು ಭೂತಗನ್ನಡಿಯಲ್ಲಿ ನೋಡಿ, ತುದಿ ದುಂಡಗೆ ಹೊಳೆಯುತ್ತಿದ್ದರೆ ಮೊನೆ ಹೋಗಿದೆ ಎಂದೇ ಲೆಕ್ಕ.

ಈ ಹಿಡಿತದ ದೋಷ ಚಿಕ್ಕ ವಿಚಲನೆಗಳಲ್ಲೇ ಹೆಚ್ಚು ಕಾಡುತ್ತದೆ. ಮುಳ್ಳು 60 ಡಿಗ್ರಿಯಲ್ಲಿದ್ದಾಗ ಸೂಜಿಯ ಮೇಲಿರುವ ಒಟ್ಟು ಕ್ಷೇತ್ರ ಭೂಮಿಯ ಕ್ಷೇತ್ರದ ಎರಡರಷ್ಟಾಗಿರುತ್ತದೆ, ಆದ್ದರಿಂದ ಅದೇ ಘರ್ಷಣೆ ಅರ್ಧದಷ್ಟು ಮಾತ್ರ ತಪ್ಪಿಸಬಲ್ಲದು. ಸೊನ್ನೆಯ ಹತ್ತಿರ ಅಂಟಿ, ಮೇಲೆ ಹೋದಂತೆ ಸರಿಹೋಗುವ ಉಪಕರಣ ಕಂಡರೆ ಮೊದಲು ಮೊನೆಯನ್ನೇ ಅನುಮಾನಿಸಿ. ಪ್ರತಿ ರೀಡಿಂಗಿಗೆ ಮೊದಲು ಗಾಜಿನ ಮೇಲೆ ಬೆರಳ ತುದಿಯಿಂದ ಮೆಲ್ಲಗೆ ತಟ್ಟುವ ಪದ್ಧತಿ ಇರುವುದು ಇದಕ್ಕೇ.

ಬೇಸಿಗೆಯಲ್ಲಿ, ಅದರಲ್ಲೂ ಕಲಬುರಗಿ, ಬಳ್ಳಾರಿಯಂಥ ಒಣ ಹವೆಯ ಕಡೆ, ಇನ್ನೊಂದು ಕಾಟವಿದೆ. ಪ್ರಯೋಗ ಶುರು ಮಾಡುವ ಮುನ್ನ ಯಾರೋ ಶ್ರದ್ಧೆಯಿಂದ ಗಾಜನ್ನು ಒಣಬಟ್ಟೆಯಲ್ಲಿ ಉಜ್ಜಿ ಒರೆಸಿರುತ್ತಾರೆ. ಆಮೇಲೆ ಮುಳ್ಳು ಉತ್ತರ ದಕ್ಷಿಣ ಯಾವುದನ್ನೂ ಲೆಕ್ಕಿಸುವುದಿಲ್ಲ, ಗಾಜಿನ ಮೇಲೆ ಬೆರಳು ಸರಿಸಿದ ಕಡೆಗೆ ಹಿಂಬಾಲಿಸುತ್ತದೆ, ಕೆಲವೊಮ್ಮೆ ಮೇಲೆದ್ದು ಗಾಜಿಗೇ ತಾಗುತ್ತದೆ. ಉಜ್ಜಿದ್ದರಿಂದ ಗಾಜಿಗೆ ಬಂದ ಸ್ಥಿರ ವಿದ್ಯುತ್ ಹಗುರವಾದ ಅಲ್ಯೂಮಿನಿಯಂ ಮುಳ್ಳನ್ನು ಸೆಳೆಯುತ್ತಿರುತ್ತದೆ. ಇದು ನಿಂತ ಆವೇಶದ ಬಲ, ಹರಿಯುವ ಆವೇಶದ ಕಾಂತಬಲವಲ್ಲ. ಅಯಸ್ಕಾಂತವೇ ಅಲ್ಲದ ಅಲ್ಯೂಮಿನಿಯಂ ಚಲಿಸುತ್ತಿದೆ ಎಂಬುದೇ ಅದರ ಗುರುತು. ಗಾಜಿನ ಮೇಲೆ ಬಾಯಿಂದ ಬಿಸಿ ಉಸಿರು ಊದಿ, ತೇವ ಹರಡಿದ ಕೂಡಲೇ ಆವೇಶ ಹರಿದು ಹೋಗಿ ಮುಳ್ಳು ತನ್ನ ಜಾಗಕ್ಕೆ ಬರುತ್ತದೆ. ಮುಂದೆ ಗಾಜನ್ನು ಒರೆಸುವಾಗ ಬಟ್ಟೆಗೆ ಸ್ವಲ್ಪ ತೇವ ಇರಲಿ.

ಎರಡು ಕಡೆ ಬೇರೆ ಬೇರೆ ರೀಡಿಂಗ್

ಇಲ್ಲಿ ಮೊದಲ ಪ್ರಶ್ನೆಯನ್ನು ಅಮ್ಮೀಟರಿಗೆ ಕೇಳಿ. ಅದು ಕಮ್ಯುಟೇಟರಿನ ಬ್ಯಾಟರಿ ಕಡೆಗೆ ಇರಬೇಕು. ಕರೆಂಟ್ ತಿರುಗಿಸಿದಾಗ ಅಮ್ಮೀಟರಿನ ರೀಡಿಂಗೇ ಬದಲಾದರೆ ಕಾಂತಕ್ಷೇತ್ರದ ಗೊಡವೆಗೆ ಹೋಗಬೇಕಾಗಿಲ್ಲ. ಕಮ್ಯುಟೇಟರಿನ ಒಂದು ಜೋಡಿ ಪ್ಲಗ್ ಸಡಿಲವಾಗಿದೆ ಅಥವಾ ಅದರ ಹಿತ್ತಾಳೆಗೆ ಕಿಲುಬು ಹಿಡಿದಿದೆ. ನಯವಾದ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಪ್ಲಗ್ಗನ್ನು ಒತ್ತಿ ತಿರುಗಿಸಿ ಕೂರಿಸಿ.

ಅಮ್ಮೀಟರ್ ಎರಡೂ ಕಡೆ ಒಂದೇ ತೋರಿಸುತ್ತಿದ್ದು, ಮುಳ್ಳು ಮಾತ್ರ ಬೇರೆ ಬೇರೆ ನಿಲ್ಲುತ್ತಿದ್ದರೆ ಬಹುಪಾಲು ಸಂದರ್ಭಗಳಲ್ಲಿ ಸುರುಳಿ ಉತ್ತರ–ದಕ್ಷಿಣಕ್ಕೆ ಸರಿಯಾಗಿ ಕೂತಿರುವುದಿಲ್ಲ. ಸುರುಳಿ ಸ್ವಲ್ಪ ಓರೆಯಾದರೆ ಅದರ ಕ್ಷೇತ್ರದ ಒಂದು ಚಿಕ್ಕ ಭಾಗ ಭೂಮಿಯ ಕ್ಷೇತ್ರದ ದಾರಿಗೇ ಬೀಳುತ್ತದೆ. ಕರೆಂಟ್ ಒಂದು ದಿಕ್ಕಿನಲ್ಲಿರುವಾಗ ಅದು ಭೂಮಿಯ ಕ್ಷೇತ್ರಕ್ಕೆ ಕೂಡುತ್ತದೆ, ತಿರುಗಿಸಿದಾಗ ಕಳೆಯುತ್ತದೆ. ಇದನ್ನು ಎಷ್ಟು ಡಿಗ್ರಿ ಎಂದು ಅಳೆಯಲು ಬಹಳ ಸುಲಭವಾದ ದಾರಿಯೊಂದಿದೆ. ಸುರುಳಿಯ ಕ್ಷೇತ್ರ ಭೂಮಿಯ ಕ್ಷೇತ್ರಕ್ಕೆ ಸಮನಾಗುವ ಹಾಗೆ, ಅಂದರೆ ಎರಡು ರೀಡಿಂಗುಗಳ ಸರಾಸರಿ 45 ಬರುವ ಹಾಗೆ ಕರೆಂಟ್ ಇಡಿ. ಸಮನಾದ ಎರಡು ಕ್ಷೇತ್ರಗಳ ಫಲಿತ ಅವುಗಳ ನಡುವಿನ ಕೋನವನ್ನು ಸರಿಯಾಗಿ ಅರ್ಧಕ್ಕೆ ಭಾಗಿಸುತ್ತದೆ. ಆದ್ದರಿಂದ ಆಗ ಎರಡು ಕಡೆಯ ರೀಡಿಂಗುಗಳ ವ್ಯತ್ಯಾಸ ಎಷ್ಟೋ, ಸುರುಳಿಯ ಓರೆಯೂ ಅಷ್ಟೇ. 42.5 ಮತ್ತು 47.5 ಬಂದರೆ ಸುರುಳಿ 5 ಡಿಗ್ರಿ ತಪ್ಪಿದೆ. ಮೇಲೆ ಹೇಳಿದ 38 ಮತ್ತು 52 ಎಂದರೆ 14 ಡಿಗ್ರಿ, ಅದು ಕಣ್ಣಿಗೇ ಕಾಣುವಷ್ಟು ಓರೆ.

ತಪ್ಪು ಆಗುವುದು ಹೊಂದಿಸುವ ಕ್ರಮದಲ್ಲಿ. ಮೊದಲು ಕಂಪಾಸ್ ಪೆಟ್ಟಿಗೆಯನ್ನು ಮಾತ್ರ ತಿರುಗಿಸಿ ಅದರ 90–90 ಗೆರೆಯನ್ನು ಸುರುಳಿಯ ಸಮತಲಕ್ಕೆ ತರಬೇಕು. ಆಮೇಲೆ ಪೆಟ್ಟಿಗೆಯನ್ನು ಮುಟ್ಟದೆ, ಸುರುಳಿಯೂ ಸೇರಿ ಇಡೀ ಉಪಕರಣವನ್ನು ತಿರುಗಿಸಿ ಮುಳ್ಳನ್ನು 0–0ಗೆ ತರಬೇಕು. ಅವಸರದಲ್ಲಿ ವಿದ್ಯಾರ್ಥಿಗಳು ಎರಡನೇ ಹೆಜ್ಜೆಯಲ್ಲೂ ಪೆಟ್ಟಿಗೆಯನ್ನೇ ತಿರುಗಿಸುತ್ತಾರೆ. ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತದೆ, ಸುರುಳಿ ಮಾತ್ರ ಎಲ್ಲಿತ್ತೋ ಅಲ್ಲೇ ಇರುತ್ತದೆ. ಸೊನ್ನೆ ಸರಿಯಿದೆ ಎಂದರೆ ಸುರುಳಿ ಸರಿಯಿದೆ ಎಂದಲ್ಲ.

ಕ್ರಮ ಸರಿಯಿದ್ದೂ ಅಂತರ ಉಳಿದರೆ ಮುಳ್ಳು ಸೂಜಿಗೆ ಸರಿಯಾಗಿ 90 ಡಿಗ್ರಿಯಲ್ಲಿ ಅಂಟಿಲ್ಲದಿರಬಹುದು. ಕಣ್ಣಳತೆಯಲ್ಲಿ ಇದು ಗೊತ್ತಾಗುವುದಿಲ್ಲ, ಪರಿಣಾಮ ಮಾತ್ರ ಓರೆಯಾದ ಸುರುಳಿಯದೇ. ಅಂಟು ಬಿಡಿಸಿ ಹೊಸದಾಗಿ ಅಂಟಿಸಲು ಹೋಗಬೇಡಿ. ಸ್ಕೇಲಿನ ಸೊನ್ನೆಯನ್ನು ನಂಬುವ ಬದಲು, ಎರಡು ದಿಕ್ಕಿನಲ್ಲೂ ವಿಚಲನೆ ಸಮ ಬರುವ ತನಕ ಉಪಕರಣವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋಗಿ, ಪ್ರತಿ ಸಲವೂ ಕರೆಂಟ್ ನಿಲ್ಲಿಸಿ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡಿ ಅಲ್ಲಿಂದ ವಿಚಲನೆಯನ್ನು ಲೆಕ್ಕ ಹಾಕಿ.

ಇನ್ನು ಮುಳ್ಳಿನ ಎರಡು ತುದಿಗಳೇ ಬೇರೆ ಬೇರೆ ತೋರಿಸುತ್ತಿದ್ದರೆ ಆಧಾರದ ಮೊನೆ ಸ್ಕೇಲಿನ ನಡುವಿನಿಂದ ಸರಿದಿದೆ. ಎರಡು ತುದಿಗಳ ಸರಾಸರಿ ಅದನ್ನು ಸರಿಪಡಿಸುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಎರಡೂ ಕಡೆ ಸಮ, ಆದರೂ ತಪ್ಪು

ಇದು ಅತ್ಯಂತ ಅಪಾಯದ ದೋಷ, ಏಕೆಂದರೆ ರೆಕಾರ್ಡಿನಲ್ಲಿ ಅದು ಅಚ್ಚುಕಟ್ಟಾಗಿ ಕಾಣುತ್ತದೆ. 44, 44, 45, 44. ಮತ್ತೆ ಮಾಡಿದರೂ ಅದೇ. ಆದರೆ 50 ಸುತ್ತಿನ ರಿಡಕ್ಷನ್ ಫ್ಯಾಕ್ಟರ್ 0.1ರ ಬದಲು 0.085 ಬರುತ್ತಿದೆ. ಕಮ್ಯುಟೇಟರ್ ಇದನ್ನು ಹಿಡಿಯಲಾರದು. ಏಕೆ ಎಂದು ತಿಳಿದುಕೊಂಡರೆ ಹುಡುಕಾಟ ಅರ್ಧ ಮುಗಿದಂತೆ.

ಬೇಡದ ಕ್ಷೇತ್ರಕ್ಕೆ ಎರಡು ಗುಣಗಳಿವೆ. ಒಂದು, ಅದು ಉತ್ತರ–ದಕ್ಷಿಣಕ್ಕೆ ಇದೆಯೇ, ಪೂರ್ವ–ಪಶ್ಚಿಮಕ್ಕೆ ಇದೆಯೇ ಎಂಬುದು. ಎರಡು, ಕಮ್ಯುಟೇಟರ್ ತಿರುಗಿಸಿದಾಗ ಅದೂ ತಿರುಗುತ್ತದೆಯೇ ಎಂಬುದು. ಉತ್ತರ–ದಕ್ಷಿಣಕ್ಕಿದ್ದು ತಿರುಗದ ಕ್ಷೇತ್ರ ಭೂಮಿಯ ಕ್ಷೇತ್ರದೊಡನೆ ಬೆರೆತು ಹೋಗುತ್ತದೆ. ಪೂರ್ವ–ಪಶ್ಚಿಮಕ್ಕಿದ್ದು ಕರೆಂಟಿನ ಜೊತೆ ತಿರುಗುವ ಕ್ಷೇತ್ರ ಸುರುಳಿಯ ಕ್ಷೇತ್ರದೊಡನೆ ಬೆರೆತು ಹೋಗುತ್ತದೆ. ಈ ಎರಡೂ ಸಮವಾದ, ಆದರೆ ತಪ್ಪಾದ ರೀಡಿಂಗ್ ಕೊಡುತ್ತವೆ. ಉಳಿದ ಎರಡು ಜೋಡಿಗಳು, ಅಂದರೆ ಉತ್ತರ–ದಕ್ಷಿಣಕ್ಕಿದ್ದು ತಿರುಗುವುದು ಮತ್ತು ಕರೆಂಟ್ ಹರಿದಾಗ ಮಾತ್ರ ಹುಟ್ಟಿ ಪೂರ್ವ–ಪಶ್ಚಿಮಕ್ಕಿದ್ದು ತಿರುಗದಿರುವುದು, ಎರಡು ಕಡೆಯ ಅಂತರವಾಗಿ ಹೊರಗೆ ಕಾಣಿಸಿಕೊಳ್ಳುತ್ತವೆ.

ಕಬ್ಬಿಣದಿಂದ ಶುರು ಮಾಡಿ. ಆಂಗಲ್ ರ‍್ಯಾಕು, ಸ್ಟೀಲ್ ಬೀರು, ಮೇಜಿನ ಕೆಳಗಿನ ಕಬ್ಬಿಣದ ಚೌಕಟ್ಟು, ಕಿಟಕಿಯ ಸರಳು, ಕಾಂಕ್ರೀಟಿನೊಳಗಿನ ಕಂಬಿ. ಇವು ನೀವು ಉಪಕರಣ ಹೊಂದಿಸುವ ಮೊದಲೇ ಅಲ್ಲಿರುತ್ತವೆ. ಆದ್ದರಿಂದ ನೀವು 0–0ಗೆ ತಂದದ್ದು ಭೂಮಿಯ ಉತ್ತರಕ್ಕಲ್ಲ, ಆ ಮೇಜಿನ ಉತ್ತರಕ್ಕೆ. ಆ ಜಾಗದ ಕ್ಷೇತ್ರ 40ರ ಬದಲು 34 ಮೈಕ್ರೋಟೆಸ್ಲಾ ಆಗಿದ್ದರೆ ರಿಡಕ್ಷನ್ ಫ್ಯಾಕ್ಟರ್ 0.085ಕ್ಕೇ ಇಳಿಯುತ್ತದೆ. ಉಪಕರಣ ಸುಳ್ಳು ಹೇಳುತ್ತಿಲ್ಲ, ಅಲ್ಲಿನ ಕ್ಷೇತ್ರವೇ ಅಷ್ಟು.

ಪಕ್ಕದ ಮೇಜಿನಲ್ಲಿ ಡಿಫ್ಲೆಕ್ಷನ್ ಮ್ಯಾಗ್ನೆಟೋಮೀಟರ್ ಪ್ರಯೋಗ ನಡೆಯುತ್ತಿದ್ದರೆ ಅಲ್ಲಿನ ಬಾರ್ ಮ್ಯಾಗ್ನೆಟ್ಟನ್ನೂ ಮರೆಯಬೇಡಿ. ಒಂದು ಆಂಪಿಯರ್–ಚದರ ಮೀಟರ್ ಕಾಂತ ಮಹತ್ವದ (ಮ್ಯಾಗ್ನೆಟಿಕ್ ಮೊಮೆಂಟ್, ಅಯಸ್ಕಾಂತದ ಶಕ್ತಿಯ ಅಳತೆ) ಅಯಸ್ಕಾಂತ ತನ್ನ ಅಕ್ಷದ ಮೇಲೆ ಅರ್ಧ ಮೀಟರ್ ದೂರದಲ್ಲಿ 1.6 ಮೈಕ್ರೋಟೆಸ್ಲಾ ಕೊಡುತ್ತದೆ, ಅಂದರೆ ಭೂಮಿಯ ಕ್ಷೇತ್ರದ ನೂರಕ್ಕೆ ನಾಲ್ಕು ಪಾಲು. ದೂರವನ್ನು ಎರಡರಷ್ಟು ಮಾಡಿದರೆ ಅದು ಎಂಟನೇ ಒಂದಕ್ಕೆ ಇಳಿಯುತ್ತದೆ. ಈ ಎರಡು ಪ್ರಯೋಗಗಳನ್ನು ಒಂದೇ ದಿನ ಅಕ್ಕಪಕ್ಕದ ಮೇಜಿಗೆ ಹಾಕಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುಳ್ಳು ಸುಮ್ಮನಿದ್ದದ್ದು ತಾನಾಗಿ ಒಂದೆರಡು ಡಿಗ್ರಿ ಸರಿದು ಮತ್ತೆ ವಾಪಸ್ ಬಂದರೆ ಯಾರೋ ಅಯಸ್ಕಾಂತ ಎತ್ತಿ ಇಟ್ಟಿದ್ದಾರೆ ಎಂದು ತಿಳಿಯಿರಿ. ಅಮ್ಮೀಟರಿನೊಳಗೂ ಬಲವಾದ ಅಯಸ್ಕಾಂತವಿದೆ. ಆ ಕ್ಷೇತ್ರದಲ್ಲಿರುವ ಸುರುಳಿಯಲ್ಲಿ ಹರಿಯುವ ಆವೇಶಗಳ ಮೇಲೆ ಬೀಳುವ ಬಲದಿಂದಲೇ ಅದರ ಮುಳ್ಳು ತಿರುಗುವುದು. ಹಾಗಾಗಿ ಅಮ್ಮೀಟರನ್ನು ಟಿ.ಜಿ.ಯಿಂದ ಒಂದು ಮೀಟರ್ ದೂರವಿಡಿ. ಜೇಬಿನ ಮೊಬೈಲ್, ಇಯರ್‌ಫೋನ್, ಕೈಗೆ ಹಾಕಿದ ಕಬ್ಬಿಣದ ಕಡಗ, ಪರೀಕ್ಷೆಯ ಪ್ಯಾಡಿನ ಕ್ಲಿಪ್ಪು, ಇವೆಲ್ಲ ಬಾಗಿ ರೀಡಿಂಗ್ ನೋಡುವ ಹೊತ್ತಿನಲ್ಲೇ ಸೂಜಿಯ ಹತ್ತಿರ ಬರುತ್ತವೆ. ಪ್ರತಿಯೊಂದನ್ನೂ ಒಮ್ಮೆ ಬೇಕೆಂದೇ ಹತ್ತಿರ ತಂದು ಮುಳ್ಳು ಎಷ್ಟು ಕದಲುತ್ತದೆ ಎಂದು ವಿದ್ಯಾರ್ಥಿಗಳಿಗೇ ತೋರಿಸಿಬಿಡಿ, ಆಮೇಲೆ ಹೇಳುವ ಅಗತ್ಯ ಬೀಳುವುದಿಲ್ಲ.

ಜಾಗದ ಕ್ಷೇತ್ರವೇ ತಪ್ಪಿದೆಯೇ ಎಂದು ನೋಡಲು ಮೊಬೈಲನ್ನೇ ಬಳಸಬಹುದು. ಒಳಗೆ ದಿಕ್ಸೂಚಿಗಾಗಿ ಕಾಂತಕ್ಷೇತ್ರ ಅಳೆಯುವ ಚಿಪ್ ಇರುತ್ತದೆ, ಅದರ ಅಂಕಿಯನ್ನು ಮೈಕ್ರೋಟೆಸ್ಲಾದಲ್ಲಿ ತೋರಿಸುವ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಅಯಸ್ಕಾಂತವಿರುವ ಕವರ್ ತೆಗೆದು, ಮೊದಲು ಕಾಲೇಜಿನ ಮೈದಾನದ ನಡುವೆ ಫೋನನ್ನು ಸಮತಲವಾಗಿ ಹಿಡಿದು ಅಂಕಿ ಬರೆದುಕೊಳ್ಳಿ. ಆಮೇಲೆ ಟಿ.ಜಿ.ಯನ್ನು ಮೇಜಿನಿಂದ ತೆಗೆದು, ಸೂಜಿ ಇದ್ದಷ್ಟೇ ಎತ್ತರದಲ್ಲಿ ಫೋನ್ ಹಿಡಿಯಿರಿ. ಎರಡರ ಅನುಪಾತ ಮುಖ್ಯ, ಅಂಕಿಯಲ್ಲ. ಫೋನಿಗಿಂತ ಹಳೆಯ ದಾರಿ ಬೇಕೆಂದರೆ ಒಂದು ಬಾರ್ ಮ್ಯಾಗ್ನೆಟ್ಟನ್ನು ಹುರಿಯಿಲ್ಲದ ದಾರದಲ್ಲಿ ಸಮತಲವಾಗಿ ತೂಗುಬಿಟ್ಟು, ಎರಡು ಜಾಗಗಳಲ್ಲೂ 20 ತೂಗಾಟಕ್ಕೆ ಹಿಡಿಯುವ ಸಮಯ ಅಳೆಯಿರಿ. ಕ್ಷೇತ್ರ ನೂರಕ್ಕೆ ಹತ್ತು ಕಡಿಮೆಯಾದರೆ ಸಮಯ ನೂರಕ್ಕೆ ಐದರಷ್ಟು ಹೆಚ್ಚುತ್ತದೆ.

ಅಡ್ಡಿ ತರುವ ವಸ್ತುವನ್ನು ಸರಿಸಲಾಗದಿದ್ದರೆ ಅಳತೆಯನ್ನೇ ಬೇರೆಡೆಗೆ ಒಯ್ಯಬೇಕು. ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಭೂಕಾಂತ ಕ್ಷೇತ್ರದ ದಾಖಲೆ ನಡೆಯುತ್ತಿತ್ತು. ನಗರದ ಕುದುರೆ ಟ್ರಾಮುಗಳು ವಿದ್ಯುತ್ತಿನಿಂದ ಓಡಲಿವೆ ಎಂದು ಗೊತ್ತಾದಾಗ, ಆ ಕರೆಂಟಿನ ಕಾಂತಕ್ಷೇತ್ರ ಸೂಕ್ಷ್ಮ ದಾಖಲೆಗಳನ್ನು ಕೆಡಿಸುತ್ತದೆ ಎಂದು ಮೊದಲೇ ಅರಿತು, 1904ರಲ್ಲಿ ಅಲಿಬಾಗ್‌ನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು. ಅದಕ್ಕೆ ಕಾಂತಗುಣವಿಲ್ಲದ ಪೋರಬಂದರಿನ ಮರಳುಗಲ್ಲನ್ನು ತರಿಸಿ, ಕಬ್ಬಿಣವನ್ನು ದೂರವಿಟ್ಟರು. 1906ರ ತನಕ ಎರಡೂ ಕಡೆ ಜೊತೆಯಾಗಿ ಅಳೆದು, ಹಳೆಯ ದಾಖಲೆಗೂ ಹೊಸದಕ್ಕೂ ಕೊಂಡಿ ಹಾಕಿಕೊಂಡು, ಆಮೇಲೆ ಅಲಿಬಾಗಿನಲ್ಲೇ ಮುಂದುವರಿದರು. ಲ್ಯಾಬಿನಲ್ಲಿ ಮೇಜು ಬದಲಿಸುವಾಗಲೂ ಹೀಗೆಯೇ ಮಾಡಿ, ಹಳೆಯ ಜಾಗದಲ್ಲೊಂದು ಸಲ, ಹೊಸ ಜಾಗದಲ್ಲೊಂದು ಸಲ ಅಳೆದು ಎರಡನ್ನೂ ಬರೆದಿಡಿ.

ಕನೆಕ್ಷನ್ ತಂತಿಗಳು

ತಂತಿಗಳ ಕಾಟ ಯಾವಾಗ ಲೆಕ್ಕಕ್ಕೆ ಬರುತ್ತದೆ ಎಂಬುದು ಸುತ್ತುಗಳ ಮೇಲೆ ನಿಂತಿದೆ. ಉದ್ದನೆಯ ನೇರ ತಂತಿಯಲ್ಲಿ 1 ಆಂಪಿಯರ್ ಹರಿದರೆ 10 ಸೆಂಟಿಮೀಟರ್ ದೂರದಲ್ಲಿ 2 ಮೈಕ್ರೋಟೆಸ್ಲಾ. 50 ಸುತ್ತಿನ ಪ್ರಯೋಗದಲ್ಲಿ 0.1 ಆಂಪಿಯರ್ ಮಾತ್ರ ಹರಿಯುವುದರಿಂದ ತಂತಿ ಕೊಡುವುದು 0.2, ಗಮನಿಸಬೇಕಾಗಿಲ್ಲ. 2 ಸುತ್ತಿಗೆ 2.5 ಆಂಪಿಯರ್ ಬೇಕು, ಆಗ ಅದೇ ತಂತಿ 5 ಮೈಕ್ರೋಟೆಸ್ಲಾ ಕೊಡುತ್ತದೆ. ಸುರುಳಿಯದೇ 40 ಇರುವಾಗ ಇದು ನೂರಕ್ಕೆ 12ರಷ್ಟು.

ಸೂಜಿ ಸಮತಲದಲ್ಲಿ ಮಾತ್ರ ತಿರುಗುತ್ತದೆ. ಸೂಜಿಯಷ್ಟೇ ಎತ್ತರದಲ್ಲಿ ಪಕ್ಕದಿಂದ ಹಾದು ಹೋಗುವ ತಂತಿಯ ಕ್ಷೇತ್ರ ಸೂಜಿಯ ಬಳಿ ಮೇಲೆ–ಕೆಳಗೆ ಇರುವುದರಿಂದ ಅದಕ್ಕೆ ಲೆಕ್ಕವಿಲ್ಲ. ಕಾಟ ಕೊಡುವುದು ಮೇಜಿನ ಮೇಲೆ, ಸೂಜಿಯ ಕೆಳಗಿನಿಂದ ಹಾದು ಹೋಗುವ ತಂತಿ. ಅದು ಉತ್ತರ–ದಕ್ಷಿಣಕ್ಕೆ ಮಲಗಿದ್ದರೆ ಅದರ ಕ್ಷೇತ್ರ ಪೂರ್ವ–ಪಶ್ಚಿಮಕ್ಕೆ, ಓರ್‌ಸ್ಟೆಡ್ ಕಂಡದ್ದು ಇದನ್ನೇ. ಅಂಥ ತಂತಿ ಕಮ್ಯುಟೇಟರಿನಿಂದ ಟಿ.ಜಿ.ಗೆ ಹೋಗುವುದಾಗಿದ್ದರೆ ಸುರುಳಿಯ ಜೊತೆ ತಾನೂ ತಿರುಗಿ ಸಮವಾಗಿ ತಪ್ಪಿಸುತ್ತದೆ. ಬ್ಯಾಟರಿಯಿಂದ ಕಮ್ಯುಟೇಟರಿಗೆ ಬರುವುದಾಗಿದ್ದರೆ ತಿರುಗದೆ ಉಳಿದು ಎರಡು ಕಡೆ ಅಂತರ ಮಾಡುತ್ತದೆ. ಅಂತರ ಕಂಡು ಸುರುಳಿಯನ್ನು ತಿರುಗಿಸಲು ಕೈ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಕರೆಂಟ್ ಹರಿಯುತ್ತಿರುವಾಗಲೇ ಒಂದೊಂದು ತಂತಿಯನ್ನೂ ಎತ್ತಿ ಆಚೀಚೆ ಸರಿಸಿ, ಕಣ್ಣು ಮುಳ್ಳಿನ ಮೇಲಿರಲಿ. ಮುಳ್ಳು ಕದಲಿದರೆ ಅಪರಾಧಿ ಸಿಕ್ಕಂತೆ. ಹೋಗುವ ತಂತಿ ಮತ್ತು ಬರುವ ತಂತಿ ಎರಡನ್ನೂ ಜಡೆಯಂತೆ ಹೆಣೆದುಬಿಡಿ, ಎದುರುಬದುರು ಹರಿಯುವ ಸಮ ಕರೆಂಟುಗಳ ಕ್ಷೇತ್ರ ಒಂದನ್ನೊಂದು ಅಳಿಸುತ್ತದೆ.

ರಿಯೋಸ್ಟಾಟನ್ನು ಯಾರೂ ಅನುಮಾನಿಸುವುದಿಲ್ಲ. ನಳಿಗೆಯ ಮೇಲೆ ನೂರಾರು ಸುತ್ತು ಸುತ್ತಿದ ತಂತಿ ಎಂದರೆ ಅದು ಸೊಲೆನಾಯ್ಡೇ. 4 ಸೆಂಟಿಮೀಟರ್ ವ್ಯಾಸದ ನಳಿಗೆಯ ಮೇಲೆ 200 ಸುತ್ತುಗಳಲ್ಲಿ 1 ಆಂಪಿಯರ್ ಹರಿದರೆ, ಅದರ ಉದ್ದದ ನೇರದಲ್ಲಿ ಅರ್ಧ ಮೀಟರ್ ದೂರದಲ್ಲೂ 0.4 ಮೈಕ್ರೋಟೆಸ್ಲಾಕ್ಕೆ ಕಡಿಮೆಯಿಲ್ಲ, ಹತ್ತಿರ ತಂದಂತೆ ಬೇಗ ಏರುತ್ತದೆ. ಅದನ್ನೂ ಒಂದು ಮೀಟರ್ ಆಚೆ ಇಡಿ.

ತಪ್ಪು ಜಾಗದ್ದೋ, ಸುರುಳಿಯದ್ದೋ

50 ಸುತ್ತಿನ ಮತ್ತು 500 ಸುತ್ತಿನ ರಿಡಕ್ಷನ್ ಫ್ಯಾಕ್ಟರ್‌ಗಳನ್ನು ಒಂದೇ ಜಾಗದಲ್ಲಿ ಅಳೆದು ಭಾಗಿಸಿ. ಭೂಮಿಯ ಕ್ಷೇತ್ರ ಎಷ್ಟೇ ಇರಲಿ, ಪಕ್ಕದಲ್ಲಿ ಬೀರು ಇರಲಿ ಬಿಡಲಿ, ಅನುಪಾತ 10ರ ಹತ್ತಿರ ಬರಬೇಕು, ಏಕೆಂದರೆ ಜಾಗದ ಕ್ಷೇತ್ರ ಮೇಲೂ ಕೆಳಗೂ ಇದ್ದು ಹೊಡೆದು ಹೋಗುತ್ತದೆ. 500 ಸುತ್ತಿನ ಪದರ ದಪ್ಪವಾದ್ದರಿಂದ ಅದರ ಸರಾಸರಿ ತ್ರಿಜ್ಯ ಸ್ವಲ್ಪ ಬೇರೆ, ಹಾಗಾಗಿ ನೂರಕ್ಕೆ ಕೆಲವು ಪಾಲು ಆಚೀಚೆ ಆಗುವುದು ಸಹಜ. ಅನುಪಾತ 8ಕ್ಕೆ ಇಳಿದರೆ 500ರಲ್ಲಿ ಸುಮಾರು 100 ಸುತ್ತುಗಳು ಕೆಲಸ ಮಾಡುತ್ತಿಲ್ಲ, ಎನಾಮಲ್ ಹೋಗಿ ಒಳಗೊಳಗೆ ಶಾರ್ಟ್ ಆಗಿದೆ. ಪಕ್ಕದ ಇನ್ನೊಂದು ಟಿ.ಜಿ.ಯ ಸುರುಳಿಯ ರೋಧವನ್ನು ಮಲ್ಟಿಮೀಟರಿನಲ್ಲಿ ಹೋಲಿಸಿದರೆ ಖಚಿತವಾಗುತ್ತದೆ. ಅನುಪಾತ 10 ಇದ್ದು ಎರಡೂ ಫ್ಯಾಕ್ಟರ್‌ಗಳು ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಸುರುಳಿಗೆ ಏನೂ ಆಗಿಲ್ಲ. ಜಾಗವೋ ಅಮ್ಮೀಟರೋ ಎರಡರಲ್ಲೊಂದು, ಬೇರೊಂದು ಅಮ್ಮೀಟರ್ ಹಾಕಿ ಅದನ್ನೂ ಬೇರ್ಪಡಿಸಿ. ಈ ಪರೀಕ್ಷೆಯ ಎರಡೂ ಅಳತೆಗಳಿಗೆ ಒಂದೇ ಡಿಜಿಟಲ್ ಮೀಟರ್ ಬಳಸುವುದು ಒಳ್ಳೆಯದು, 0ಯಿಂದ 100 ಮಿಲಿಆಂಪಿಯರಿನ ಮುಳ್ಳಿನ ಮೀಟರಿನಲ್ಲಿ 10ನ್ನು ನಿಖರವಾಗಿ ಓದಲಾಗದು.

ಸೂಜಿಯ ಶಕ್ತಿ ಕುಂದಿದ್ದರಿಂದ ರಿಡಕ್ಷನ್ ಫ್ಯಾಕ್ಟರ್ ತಪ್ಪು ಬರುತ್ತಿದೆ ಎಂಬ ಮಾತು ಲ್ಯಾಬುಗಳಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ ಅದಕ್ಕಾಗಿಯೇ ಹೊಸ ಸೂಜಿ ತರಿಸುವವರಿದ್ದಾರೆ. ಅದು ಹಾಗಲ್ಲ. ಸುರುಳಿಯ ಕ್ಷೇತ್ರ ಸೂಜಿಯನ್ನು ಒಂದು ಕಡೆ ತಿರುಗಿಸುತ್ತದೆ, ಭೂಮಿಯ ಕ್ಷೇತ್ರ ಹಿಂದಕ್ಕೆ ತಿರುಗಿಸುತ್ತದೆ. ಎರಡೂ ತಿರುಚುಬಲಗಳು ಸೂಜಿಯ ಅದೇ ಕಾಂತ ಮಹತ್ವಕ್ಕೆ ಅನುಗುಣವಾಗಿವೆ. ಮಹತ್ವ ಅರ್ಧಕ್ಕೆ ಇಳಿದರೆ ಎರಡೂ ಅರ್ಧವಾಗುತ್ತವೆ, ಸೂಜಿ ನಿಲ್ಲುವ ಕೋನ ಬದಲಾಗುವುದಿಲ್ಲ. ದುರ್ಬಲ ಸೂಜಿ ನಿಧಾನವಾಗಿ ತೂಗುತ್ತದೆ ಮತ್ತು ಮೊನೆಯ ಘರ್ಷಣೆಗೆ ಬೇಗ ಸೋಲುತ್ತದೆ. ಅಂದರೆ ಅದರ ಲಕ್ಷಣ ಹಿಡಿತ, ತಪ್ಪು ಫ್ಯಾಕ್ಟರ್ ಅಲ್ಲ. ಮೊನೆ ಚೂಪಾಗಿದ್ದೂ ಮುಳ್ಳು ಅಂಟುತ್ತಿದ್ದರೆ ಮಾತ್ರ ಸೂಜಿಯನ್ನು ಹೊರತೆಗೆದು, ಬಾರ್ ಮ್ಯಾಗ್ನೆಟ್ಟಿನ ಒಂದೇ ಧ್ರುವದಿಂದ ಒಂದೇ ದಿಕ್ಕಿಗೆ ಹಲವು ಸಲ ಉಜ್ಜಿ. ತುದಿ ಮುಟ್ಟಿದ ಮೇಲೆ ಅಯಸ್ಕಾಂತವನ್ನು ಎತ್ತಿ ದೂರದಿಂದ ವಾಪಸ್ ತನ್ನಿ, ಹಿಂದಕ್ಕೆ ಎಳೆಯಬೇಡಿ.

ಹೊಸ ಸೂಜಿ ಹಾಕಲೇಬೇಕಾದರೆ ಉದ್ದದ್ದನ್ನು ಹಾಕಬೇಡಿ. ನಡುವಿನಲ್ಲಿ ಮಾತ್ರ ಸುರುಳಿಯ ಕ್ಷೇತ್ರ ಲೆಕ್ಕ ಹೇಳಿದಂತೆ ಇರುತ್ತದೆ. 8 ಸೆಂಟಿಮೀಟರ್ ತ್ರಿಜ್ಯದ ಸುರುಳಿಯಲ್ಲಿ ಅಕ್ಷದ ಮೇಲೆ 1 ಸೆಂಟಿಮೀಟರ್ ಸರಿದರೆ ಕ್ಷೇತ್ರ ನೂರಕ್ಕೆ 2ಕ್ಕಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ, 2 ಸೆಂಟಿಮೀಟರ್ ಸರಿದರೆ ತಪ್ಪು ಅದರ ನಾಲ್ಕರಷ್ಟರ ಹತ್ತಿರ ಹೋಗುತ್ತದೆ. ಒಟ್ಟು ಉದ್ದ 2 ಸೆಂಟಿಮೀಟರ್ ಮೀರದಿರಲಿ. ಸೂಜಿ ಸುರುಳಿಯ ನಟ್ಟನಡುವೆಯೇ ಇದೆಯೇ ಎಂದು ಸ್ಕೇಲ್ ಹಿಡಿದು ಎರಡೂ ಕಡೆಯಿಂದ ಅಳೆಯಿರಿ.

ಎಲ್ಲ ಸರಿಯಾದ ಮೇಲೂ ರೀಡಿಂಗ್ ಚದುರುತ್ತಿದ್ದರೆ ಯಾವ ಕೋನದಲ್ಲಿ ಓದುತ್ತಿದ್ದೀರಿ ನೋಡಿ. 45ರಲ್ಲಿ ಒಂದು ಡಿಗ್ರಿ ತಪ್ಪು ಓದಿದರೆ ಕರೆಂಟಿನಲ್ಲಿ ನೂರಕ್ಕೆ 3.5ರಷ್ಟು ತಪ್ಪು, 30 ಅಥವಾ 60ರಲ್ಲಿ 4ರಷ್ಟು. 10 ಅಥವಾ 80ರಲ್ಲಿ ಅದೇ ಒಂದು ಡಿಗ್ರಿಗೆ ನೂರಕ್ಕೆ 10. ಒಂದು ಕಣ್ಣು ಮುಚ್ಚಿ, ಮುಳ್ಳು ಕೆಳಗಿನ ಕನ್ನಡಿಯಲ್ಲಿನ ತನ್ನ ಬಿಂಬವನ್ನು ಪೂರ್ತಿ ಮರೆಮಾಡುವ ಜಾಗದಿಂದ ಓದಿ, ವಿಚಲನೆಯನ್ನು 30 ಮತ್ತು 60ರ ನಡುವೆ ಇಟ್ಟುಕೊಳ್ಳಿ.